ಮಗುವಿನ ಫೋಟೋದಲ್ಲಿ ಉಳಿದದ್ದು

ನಮ್ಮೂರಿನಲ್ಲಿ ಮನೆ ಅಂದಮೇಲೆ ಒಂದು ಫೋಟೋ, ಫೋಟೋ ಅಂದಮೇಲೆ ಅದಕ್ಕೊಂದು ಪರದೆ. ಇಲ್ಲದವರ ಮನೆಯಲ್ಲಿ ಹಳೆಯ ಸೀರೆ ಕತ್ತರಿಸಿ ಹೊಲಿದದ್ದು, ಉಳ್ಳವರ ಮನೆಯಲ್ಲಿ ಮಖಮಲ್ಲಿನದು. ನೋಡಿದಷ್ಟೂ ಫೋಟೋ ಸವೆಯುತ್ತಿತ್ತಲ್ಲ, ಅದಕ್ಕೆ. ಬೆಂಕಿ ಸುಡುತ್ತದೆ, ನೀರು ಒದ್ದೆ ಮಾಡುತ್ತದೆ ಅಂತ ಮಕ್ಕಳನ್ನು ಕೂರಿಸಿಕೊಂಡು ಯಾರಾದರೂ ಪಾಠ ಹೇಳುತ್ತಾರೆಯೇ? ಇದನ್ನೂ ನಮಗೆ ಯಾರೂ ಹೇಳಿಕೊಡಲಿಲ್ಲ. ಗೋಡೆಯ ಪರದೆಗೆ ಕೈ ಹಾಕಿದಾಗ ಬೆನ್ನಿಗೆ ಬೀಳುತ್ತಿದ್ದ ಗುದ್ದಿನಿಂದಲೇ ಕಲಿತೆವು.

ಜನ ಎಲ್ಲಿ ನೋಡುತ್ತಾರೋ ಅಲ್ಲಿಂದ ಸವೆತ ಶುರು. ಮೊದಲು ಕಣ್ಣು, ಆಮೇಲೆ ಮುಖ, ಆಮೇಲೆ ಒಡವೆ ವಸ್ತ್ರ. ಹಳೆಯ ಮದುವೆ ಫೋಟೋಗಳಲ್ಲಿ ತಲೆಯೇ ಇಲ್ಲದ ಗಂಡುಹೆಣ್ಣು ಕೂತಿರುತ್ತಿದ್ದರು. ಅವರು ಕೂತ ಕುರ್ಚಿಯ ಕಾಲು ಮಾತ್ರ ನಿನ್ನೆ ತೆಗೆದ ಹಾಗೆ ಹೊಳೆಯುತ್ತಿತ್ತು. ಪುರಸಭೆಯ ಕಚೇರಿಯಲ್ಲಿ ಹಿಂದಿನ ಅಧ್ಯಕ್ಷರೊಬ್ಬರ ಫೋಟೋ ಪರದೆಯಿಲ್ಲದೆ ತೂಗುತ್ತಿತ್ತು. ನಾನು ಹುಟ್ಟುವ ಮೊದಲಿನಿಂದಲೂ ಅದು ಹೊಚ್ಚಹೊಸದಾಗಿಯೇ ಇತ್ತಂತೆ, ಪಾಪ. ಬೀಗರು ಬಂದರೆ ಹೋಳಿಗೆ ಊಟಕ್ಕಿಂತ ದೊಡ್ಡ ಮರ್ಯಾದೆ ಅಂದರೆ ಪರದೆ ಸರಿಸುವುದು. "ಫೋಟೋ ಸಹ ತೋರಿಸಲಿಲ್ಲ" ಅಂತ ಮುನಿಸಿಕೊಂಡು ಮುರಿದುಹೋದ ಸಂಬಂಧಗಳಿದ್ದವು. ಮನೆಯವರು ಮಾತ್ರ ವರ್ಷಕ್ಕೊಮ್ಮೆ, ಯುಗಾದಿಯ ದಿನ ಬೇವುಬೆಲ್ಲ ತಿಂದಮೇಲೆ, ಸಾಲಾಗಿ ನಿಂತು ಕಣ್ಣು ಮಿಟುಕಿಸುವಷ್ಟು ಹೊತ್ತು ನೋಡಿ ಪರದೆ ಎಳೆದುಬಿಡುತ್ತಿದ್ದರು.

ಪ್ರತಿ ಮಾಡಿಸಿಕೊಂಡರೆ ಆಗದೇ ಅಂತ ಹೊರಗಿನವರು ಕೇಳುತ್ತಾರೆ. ಒಂದೇ ಫಿಲ್ಮಿನಿಂದ ಎಷ್ಟು ಪ್ರತಿ ತೆಗೆದರೂ ಎಲ್ಲವೂ ಒಟ್ಟಿಗೇ ಸವೆಯುತ್ತಿದ್ದವು, ಫಿಲ್ಮೂ ಸೇರಿ. ರೇಷನ್ ಕಾರ್ಡಿಗೆ, ಪರೀಕ್ಷೆಗೆ ಬೇಕಾದದ್ದನ್ನು ಬಸ್ಸು ಹತ್ತಿ ಪಕ್ಕದ ಊರಿಗೆ ಹೋಗಿ ತೆಗೆಸುತ್ತಿದ್ದೆವು. ಅದು ಸವೆಯುತ್ತಿರಲಿಲ್ಲ. ಸವೆಯದ ವಸ್ತುವನ್ನು ನಮ್ಮವರು ಫೋಟೋ ಅಂತ ಕರೆಯುತ್ತಲೂ ಇರಲಿಲ್ಲ, "ಗುರುತಿನ ಚೀಟಿ" ಅನ್ನುತ್ತಿದ್ದರು. ಅದನ್ನು ಗೋಡೆಗೆ ಹಾಕಿದವರನ್ನು ನಾನು ಕಂಡಿಲ್ಲ.

ಇಂಥ ಊರಿನಲ್ಲಿ ಹವ್ಯಾಸಿ ಫೋಟೋ ಸಂಘವೊಂದಿತ್ತು. ಗಡಿಯಾರ ರಿಪೇರಿಯ ದಸ್ತಗೀರ್ ಸಾಹೇಬರು ಅದರ ಅಧ್ಯಕ್ಷರು. ಪ್ರತಿ ವರ್ಷ ದಸರಾ ಕಳೆದಮೇಲೆ ಪುರಭವನದಲ್ಲಿ ಸಂಘದ ಸ್ಪರ್ಧೆ. ಫೋಟೋಗಳನ್ನು ಪರದೆಯಿಲ್ಲದೆ ತೂಗುಹಾಕುತ್ತಿದ್ದರು, ಊರಿಗೆ ಊರೇ ಬಂದು ನೋಡುತ್ತಿತ್ತು, ಕೊನೆಯ ದಿನ ಸಂಜೆ ಸಾಹೇಬರು ಗಂಟೆ ಬಾರಿಸುವ ಹೊತ್ತಿಗೆ ಯಾವುದು ಎಲ್ಲಕ್ಕಿಂತ ಹೆಚ್ಚು ಬಿಳುಚಿಕೊಂಡಿರುತ್ತದೋ ಅದಕ್ಕೆ ಬಹುಮಾನ. ಗೆದ್ದ ಬಿಳಿ ಕಾಗದಕ್ಕೆ ಗಾಜು ಹಾಕಿಸಿ, ಕೆಳಗೆ ಹೆಸರು ಬರೆಸಿ, ಪುರಭವನದ ಗೋಡೆಗೆ ಏರಿಸುತ್ತಿದ್ದರು. ಆ ಖಾಲಿ ಕಾಗದಗಳ ಮುಂದೆ ನಿಂತು, ಅದರಲ್ಲಿದ್ದ ಕುದುರೆಯ ಬಾಲ ಬಲಗಡೆಗಿತ್ತೋ ಎಡಗಡೆಗಿತ್ತೋ ಅಂತ ಮುದುಕರು ಜಗಳ ಕಾಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಈಗ ಜಗಳ ಕಾಯುವ ಆ ಮುದುಕರೂ ಇಲ್ಲ.

ನಮ್ಮಪ್ಪ ಚಿಕ್ಕವೀರಯ್ಯ ಬೆಲ್ಲದ ಮಂಡಿಯಲ್ಲಿ ತೂಕ ನೋಡುವ ಕೆಲಸದಲ್ಲಿದ್ದ. ಇರುವೆಗಳನ್ನು ಬಿಟ್ಟರೆ ನಿಮ್ಮ ಅಪ್ಪನ ಹಿಂದೆ ಬಿದ್ದವರು ಯಾರೂ ಇಲ್ಲ ಅಂತ ಅಮ್ಮ ನಗುತ್ತಿದ್ದಳು. ಅಪ್ಪ ಲಗ್ನಕ್ಕೆ ಮುಂಚಿನಿಂದಲೂ ಸ್ಪರ್ಧೆಗೆ ಫೋಟೋ ಕೊಡುತ್ತ ಬಂದವನು. ಮೋಡ ಕೊಟ್ಟ, ಸೇತುವೆ ಕೊಟ್ಟ, ಮಂಡಿಯಲ್ಲಿ ಒಟ್ಟಿದ ಅಚ್ಚುಬೆಲ್ಲ ಕೊಟ್ಟ, ಒಂದು ವರ್ಷ ಬಸ್ ಸ್ಟ್ಯಾಂಡಿನ ಖಾಲಿ ಬೆಂಚನ್ನೂ ಕೊಟ್ಟ. ಎಲ್ಲವೂ ಕೊಟ್ಟ ಹಾಗೆಯೇ ಮಿಣಮಿಣ ಅನ್ನುತ್ತ ಮನೆಗೆ ವಾಪಸ್ಸು ಬಂದವು. "ನಿಮ್ಮ ಫೋಟೋ ಚೆನ್ನಾಗಿ ಉಳಿದಿದೆಯಲ್ಲ" ಅನ್ನುವುದಕ್ಕಿಂತ ದೊಡ್ಡ ಬೈಗುಳ ನಮ್ಮೂರಿನಲ್ಲಿ ಇರಲಿಲ್ಲ. ಸ್ಪರ್ಧೆ ಮುಗಿದ ಸಂಜೆ ಅಪ್ಪ ಫೋಟೋವನ್ನು ಕಂಕುಳಲ್ಲಿ ಇರುಕಿಕೊಂಡು ಬರುತ್ತಿದ್ದ, ಹಸಿವಿಲ್ಲ ಅನ್ನುತ್ತಿದ್ದ, ಗೋಡೆಗೊಂದು ಹೊಸ ಮೊಳೆ ಬೀಳುತ್ತಿತ್ತು. ನಮ್ಮ ಮನೆಯ ನಡುಮನೆ ಊರಿನಲ್ಲೇ ಅತ್ಯಂತ ಹೊಸ ಫೋಟೋಗಳಿದ್ದ ಜಾಗ.

ಸಂಘಕ್ಕೆ ಇದ್ದದ್ದು ಒಂದೇ ಕ್ಯಾಮೆರಾ. ಅದು ಸರದಿಯ ಮೇಲೆ ಮನೆಯಿಂದ ಮನೆಗೆ ತಿರುಗುತ್ತಿತ್ತು. ಒಮ್ಮೆ ಬಂದು ಹೋದರೆ ಮತ್ತೆ ಬರುವುದು ಮುಂದಿನ ವರ್ಷವೇ. ನನಗೆ ನಾಲ್ಕು ವರ್ಷವಿದ್ದಾಗ ಅದು ನಮ್ಮ ಮನೆಗೆ ಬಂತು. ಅಪ್ಪ ಕೊಟ್ಟಿಗೆಯ ಗೋಡೆಯ ಮೇಲಿನ ಪಾಚಿಯ ಫೋಟೋ ತೆಗೆಯುವ ಯೋಚನೆಯಲ್ಲಿದ್ದನಂತೆ. ನಾನು ಅಮ್ಮನ ಚಪ್ಪಲಿಗಳನ್ನು ಎಡಬಲ ಅದಲುಬದಲು ಮೆಟ್ಟಿಕೊಂಡು, ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಿದ್ದೆ. ಒಂದು ಕೆನ್ನೆಯಲ್ಲಿ ಬೆಲ್ಲದ ಉಂಡೆ ಉಬ್ಬಿಕೊಂಡಿತ್ತು. ಅಷ್ಟು ಸಾಲದು ಅಂತ ಅಮ್ಮ ಹಿಡಿದಿದ್ದ ಇನ್ನೊಂದು ತುಂಡಿಗೆ ಕೈಚಾಚಿದ್ದೆ. ಅಪ್ಪ ಪಾಚಿ ಬಿಟ್ಟು ನನ್ನ ಕಡೆ ತಿರುಗಿ ಒತ್ತಿಬಿಟ್ಟ. ಕೆಂಪು ದೀಪದ ಕೆಳಗೆ ಓರೆಗಣ್ಣಿನಲ್ಲೇ ನೋಡಿಕೊಂಡು ಅದನ್ನು ತೊಳೆದವನು ಹೊರಗೆ ಬಂದು, ಜಗಲಿಯ ಮೇಲೆ ಕೂತುಬಿಟ್ಟ. ಅಂಥದ್ದು ತನ್ನ ಕೈಯಿಂದ ಬಂದದ್ದು ಅವನಿಗೇ ನಂಬಿಕೆಯಾಗಿರಲಿಲ್ಲ.

ಅಮ್ಮ ಶಿವನಂಜಮ್ಮ ಅದೇ ದಿನ ನೀಲಿ ಬಟ್ಟೆಯ ಪರದೆ ಹೊಲಿದಳು. ಆದರೆ ಫೋಟೋ ನೋಡಲಿಲ್ಲ. ಅಪ್ಪ ಒಂದು ಸಲ ನೋಡೇ ಅಂತ ಎಷ್ಟು ಹೇಳಿದರೂ ಕಣ್ಣು ಮುಚ್ಚಿಕೊಂಡೇ ಮೊಳೆಗೆ ಸಿಕ್ಕಿಸಿದಳು.

"ಈಗ್ಯಾಕೆ ನೋಡ್ಲಿ? ಈಗ ನೋಡಕ್ಕೆ ಇವಳೇ ಇದ್ದಾಳಲ್ಲ. ಇನ್ನೆರಡು ವರ್ಷಕ್ಕೆ ಈ ಮಗು ಎಲ್ಲಿರ್ತದೆ ಹೇಳಿ. ಇವಳ ಹೆಸರಿಟ್ಕೊಂಡು ಬೇರೆ ಯಾವಳೋ ಓಡಾಡ್ತಿರ್ತಾಳೆ. ಇವಳು ಮದುವೆಯಾಗಿ ಹೋಗ್ತಾಳಲ್ಲ, ಆವತ್ತು ಪರದೆ ತೆಗೀತೀನಿ. ಅಲ್ಲಿವರೆಗೂ ಒಬ್ಬರೂ ನೋಡಬಾರದು."

ಅವಳು ಹೇಳಿದ್ದು ಎಷ್ಟು ನಿಜವೆಂದು ನನಗೆ ತಿಳಿದದ್ದು ನನ್ನ ಮಕ್ಕಳು ಉದ್ದವಾದ ಮೇಲೆ. ಸಾಯದೆಯೇ ಕೈತಪ್ಪಿ ಹೋಗುವ ಮಕ್ಕಳಿಗಾಗಿ ಯಾರೂ ಅಳುವಂತಿಲ್ಲ. ಅಮ್ಮ ಅದನ್ನು ಮೊದಲೇ ಕಂಡುಕೊಂಡು, ಒಂದು ಮಗುವನ್ನಾದರೂ ಪರದೆಯ ಹಿಂದೆ ಕೂಡಿಟ್ಟುಕೊಳ್ಳುವ ಹಟ ಹಿಡಿದಿದ್ದಳು.

ದಸರಾ ಹತ್ತಿರ ಬಂದಂತೆ ಅಪ್ಪ ಊಟದ ಮುಂದೆ ಕೂತು ಅನ್ನ ಕಲಸುತ್ತಲೇ ಇರುತ್ತಿದ್ದ. ಕೊನೆಗೊಂದು ದಿನ ಬಾಯಿ ಬಿಟ್ಟ. "ಈ ಸಲ ಅದನ್ನ ಕೊಡ್ಲಾ ನಂಜಿ?"

"ಯಾವುದನ್ನ?" ಅಂದಳು ಅಮ್ಮ, ಗೊತ್ತಿದ್ದೂ.

"ನಮ್ಮ ಮಂಗಳಿದು."

"ಇಷ್ಟಗಲ ಊರಲ್ಲಿ ನಿಮಗೆ ಬೇರೆ ಏನೂ ಕಾಣ್ಲಿಲ್ವಾ? ಪಾಚಿ ಕೊಡಿ. ಪಾಚಿ ಚೆನ್ನಾಗಿದೆ."

ಅಪ್ಪ ಸಿಟ್ಟು ಮಾಡಲಿಲ್ಲ. ಕೈ ತೊಳೆದುಕೊಂಡು ಬಂದು ನಡುಮನೆಯ ತನ್ನ ಫೋಟೋಗಳನ್ನು ತೋರಿಸಿದ. "ಇವನ್ನ ನೋಡು. ಒಂದೊಂದೂ ಹೇಗೆ ಫಳಫಳ ಅಂತಿದೆ. ನಾನು ನೋಡು ಅಂತ ತೋರಿಸಿದ್ದನ್ನ ಇಷ್ಟು ವರ್ಷದಲ್ಲಿ ಒಬ್ಬನೂ ನೋಡ್ಲಿಲ್ಲ. ಒಂದೇ ಒಂದು ಸಲ, ನಾನು ತೆಗೆದದ್ದನ್ನ ನಾಕು ಜನ ಕಣ್ತುಂಬ ನೋಡಿದ್ರು ಅಂತ ಆಗ್ಲಿ ಕಣೆ. ಆಮೇಲೆ ಕ್ಯಾಮೆರಾ ಮುಟ್ಟು ಅಂದ್ರೂ ಮುಟ್ಟಲ್ಲ."

ಮಾರನೆಯ ದಿನ ಅಮ್ಮ ರೊಟ್ಟಿ ತಟ್ಟುತ್ತ ತಟ್ಟುತ್ತ, ಅವನ ಕಡೆ ತಿರುಗದೆಯೇ ಹೇಳಿದಳು: "ಕೊಡಿ. ಆದ್ರೆ ಎಲ್ಲಿ ತೂಗುಹಾಕ್ಬೇಕು ಅನ್ನೋದು ನನ್ನಿಷ್ಟ."

ಅವಳ ಉಪಾಯ ಅವಳಿಗೆ. ಗಂಡನ ಮನಸ್ಸೂ ಮುರಿಯಬಾರದು, ಮಗುವೂ ಉಳಿಯಬೇಕು. ಪುರಭವನದಲ್ಲಿ ಎಲ್ಲರೂ ಕಿಟಕಿಯ ಬೆಳಕಿಗೆ, ಬಾಗಿಲ ಎದುರಿಗೆ ಜಾಗ ಹಿಡಿಯಲು ನೂಕಾಡುತ್ತಿದ್ದರೆ, ಅಮ್ಮ ಪೊರಕೆ, ಬಕೆಟ್ಟು ಇಡುವ ಮೂಲೆಯಲ್ಲಿ ತೆರೆದ ಬಾಗಿಲಿನ ಹಿಂದೆ ನಮ್ಮದನ್ನು ತೂಗುಹಾಕಿದಳು. ಅಷ್ಟೂ ಸಾಲದು ಅಂತ, ಪ್ರದರ್ಶನದ ಮೊದಲ ದಿನ ಹೂ ಮುಡಿದು, ರೇಷ್ಮೆ ಸೀರೆ ಉಟ್ಟುಕೊಂಡು, ಫೋಟೋಗೆ ಬೆನ್ನು ಕೊಟ್ಟು ಅದರ ಮುಂದೆಯೇ ನಿಂತಳು. ಬಂದವರ ಜೊತೆ ಸೊಪ್ಪಿನ ರೇಟು ಮಾತಾಡುವುದು, ಸೊಸೆಯಂದಿರ ಯೋಗಕ್ಷೇಮ ವಿಚಾರಿಸುವುದು, ಯಾರಾದರೂ ಹಿಂದೆ ಇಣುಕಿದರೆ ಆ ಕಡೆಗೆ ಸ್ವಲ್ಪ ವಾಲುವುದು. ನಾನು ಅವಳ ಸೆರಗು ಹಿಡಿದುಕೊಂಡು ಪಕ್ಕದಲ್ಲೇ ಇದ್ದೆ.

ನಮ್ಮೂರಿನ ಜನರನ್ನು ಅವಳು ಮರೆತಿದ್ದಳು. ಪರದೆಗಳ ನಡುವೆ ಹುಟ್ಟಿ ಬೆಳೆದವರು ನಾವು. ಒಬ್ಬರು ಏನನ್ನಾದರೂ ಮರೆಮಾಡಿ ನಿಂತರೆ ಅದರ ಹಿಂದೆ ನೋಡತಕ್ಕದ್ದು ಇದೆ ಅಂತಲೇ ಅರ್ಥ. ಮೊದಲ ದಿನ ಸಂಜೆಯಷ್ಟು ಹೊತ್ತಿಗೆ ಊರೆಲ್ಲ ಅದೇ ಮಾತು. ಬೇಕರಿ ನರಸಿಂಹನ್ ಅವರ ನಗುವ ಮದುಮಗಳು ಕಿಟಕಿಯ ಪಕ್ಕದಲ್ಲಿ ಜನಕ್ಕಾಗಿ ಕಾಯುತ್ತಿದ್ದರೆ, ನಮ್ಮ ಬಾಗಿಲ ಮೂಲೆಯಲ್ಲಿ ಸಾಲು ನಿಂತಿತ್ತು.

"ಅಕ್ಕ, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ."

"ಏನೂ ಇಲ್ಲ ಕಣಮ್ಮ ಇಲ್ಲಿ. ಪೊರಕೆ ಇದೆ ಅಷ್ಟೆ."

"ಪೊರಕೆನೇ ನೋಡ್ತೀವಿ ಬಿಡಿ."

ಎತ್ತರದವರು ಅವಳ ತಲೆಯ ಮೇಲಿಂದ ನೋಡಿದರು, ಕುಳ್ಳರು ತೋಳಿನ ಸಂದಿಯಿಂದ ನೋಡಿದರು, ಸ್ಕೂಲು ಮಕ್ಕಳು ಬಗ್ಗಿ ಸೀರೆಯ ನೆರಿಗೆಯ ಪಕ್ಕದಿಂದ ನೋಡಿದರು. ನೋಡಿದವರು "ಅಯ್ಯೋ, ಕೆನ್ನೆ ನೋಡೇ ಕೆನ್ನೆ!" ಅಂತ ಕೂಗಿ ಇನ್ನಿಬ್ಬರನ್ನು ಕರೆದರು. ನನ್ನ ಗಲ್ಲ ಹಿಂಡಿ ಹೋದರು. ಅಮ್ಮ ಎರಡನೆಯ ದಿನವೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಕಾದಷ್ಟೂ ಸಾಲು ಬೆಳೆಯಿತು. ಒಂದು ಸಲವೂ ಅವಳು ಹಿಂದಿರುಗಿ ನೋಡಲಿಲ್ಲ. ತಾನೊಬ್ಬಳು ನೋಡದಿದ್ದರೆ ಅಷ್ಟಾದರೂ ಉಳಿಯುತ್ತದೆ ಅಂದುಕೊಂಡಿದ್ದಳು. ಅತ್ತ ಅಪ್ಪ ಪುರಭವನದ ನಡುವೆ ಕೈ ಎಲ್ಲಿಟ್ಟುಕೊಳ್ಳಬೇಕೆಂದು ಗೊತ್ತಾಗದೆ, ಸಿಕ್ಕಸಿಕ್ಕವರಿಗೆಲ್ಲ ನಮಸ್ಕಾರ ಮಾಡುತ್ತಿದ್ದ. ಅವನು ಅಷ್ಟು ಸಂತೋಷವಾಗಿದ್ದದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ.

ಕೊನೆಯ ದಿನ ಸಂಜೆ ಸಾಲು ತಾನಾಗಿಯೇ ಕರಗಿತು. ಬಂದವರು ಅಮ್ಮನ ಭುಜದ ಮೇಲಿಂದ ಇಣುಕಿ, ಲೊಚಗುಟ್ಟಿ ಹೋಗತೊಡಗಿದರು. ಹೂ ಮಾರುವ ಪುಟ್ಟತಾಯಮ್ಮ ಮಾತ್ರ ನಿಂತು ಹೇಳಿದಳು, "ಮುಖ ಹೋಯ್ತಲ್ಲ ತಾಯಿ. ಚಪ್ಪಲಿನೂ ಹೋಯ್ತು. ಇನ್ನೂ ಯಾಕೆ ಕಾವಲು ಕಾಯ್ತೀಯ?"

ಆಗ ಅಮ್ಮ ತಿರುಗಿದಳು. ಮದುವೆಯ ದಿನಕ್ಕೆಂದು ಕಾದಿಟ್ಟದ್ದನ್ನು ಅವಳು ನೋಡಿದ್ದು ಹೀಗೆ: ಬರಿಯ ಬಿಳಿ ಕಾಗದ. ಒಗೆಯುವ ಕಲ್ಲಿಲ್ಲ, ಹಿತ್ತಿಲಿಲ್ಲ, ನಾನಿಲ್ಲ. ಎಡಗಡೆಯ ಅಂಚಿನಲ್ಲಿ ಮಾತ್ರ ಒಂದು ಕೈ ಇತ್ತು. ಮೊದಲಿಗೆ ಅವಳಿಗೆ ಅದು ಯಾರದೆಂದು ತಿಳಿಯಲಿಲ್ಲ. ಆಮೇಲೆ ಗಾಜಿನ ಬಳೆ ಕಂಡಿತು, ಹೆಬ್ಬೆರಳ ಕೆಳಗೆ ರೊಟ್ಟಿ ಹಂಚು ಸುಟ್ಟ ಗುರುತು ಕಂಡಿತು, ಬೆರಳ ತುದಿಯಲ್ಲಿ ಬೆಲ್ಲದ ತುಂಡು ಕಂಡಿತು. ಮಗುವಿನ ಮುಖ ನೋಡುವ ಅವಸರದಲ್ಲಿ ಅದನ್ನು ಯಾರೂ ನೋಡಿಯೇ ಇರಲಿಲ್ಲ. ಅದು ಪುರಸಭೆಯ ಅಧ್ಯಕ್ಷರ ಫೋಟೋದಷ್ಟೇ ಹೊಸದಾಗಿತ್ತು. ಅಮ್ಮ ಸೆರಗು ಬಾಯಿಗೊತ್ತಿಕೊಂಡು ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಆಗ.

ಅಷ್ಟರಲ್ಲಿ ದಸ್ತಗೀರ್ ಸಾಹೇಬರು ಗಂಟೆ ಹಿಡಿದು ಸುತ್ತು ಹೊರಟಿದ್ದರು. ನರಸಿಂಹನ್ ಅವರ ಮದುಮಗಳಲ್ಲಿ ಇನ್ನೂ ಮೊಗ್ಗಿನ ಜಡೆ ಉಳಿದಿತ್ತು. ನಮ್ಮದರಲ್ಲಿ ಒಂದು ಕೈ. "ಬನ್ರೋ, ಎಲ್ಲ ಸೇರಿ ಒಂದು ಸಲ ನೋಡ್ಬಿಟ್ರೆ ಮುಗಿದೇ ಹೋಯ್ತದೆ! ವೀರಯ್ಯ ಒಂದ್ಸಲನಾದ್ರೂ ಗೆಲ್ಲಲಿ ಪಾಪ!" ಅಂತ ಮಂಡಿಯ ಹಮಾಲರೊಬ್ಬರು ಕೂಗಿದರು. ಜನ ಪ್ರೀತಿಯಿಂದಲೇ ನುಗ್ಗಿ ಬಂದರು. ಅಪ್ಪನನ್ನೂ ಮುಂದಕ್ಕೆ ತಳ್ಳಿದರು. ಅಮ್ಮ ಕಣ್ಣೊರೆಸಿಕೊಂಡು, ಮೂರು ದಿನ ಬಿಡದ ಜಾಗವನ್ನು ತಾನೇ ಬಿಟ್ಟು ಪಕ್ಕಕ್ಕೆ ಸರಿದಳು.

"ನೋಡ್ಲಿ ಬಿಡಿ," ಅಂದಳು ಅಪ್ಪನಿಗೆ. "ಮಗುನೇ ಹೋಯ್ತು. ಉಳಿದಿರೋದು ನನ್ನ ಕೈ ತಾನೆ. ಅದನ್ನ ಇಟ್ಕೊಂಡು ಏನು ಮಾಡೋದಿದೆ? ನೀವು ಗೆದ್ಕೊಳಿ."

ಅಪ್ಪ ಕಾಗದ ನೋಡಿದ. ಒಂದು ಕ್ಷಣ, ಅಷ್ಟೆ. ತಕ್ಷಣ ಹೆಗಲ ಮೇಲಿನ ಟವೆಲ್ಲು ತೆಗೆದು ಅದರ ಮೇಲೆ ಹಾಕಿದ. ಮೊಳೆಯಿಂದ ಬಿಡಿಸಿ ಎದೆಗವಚಿಕೊಂಡ.

"ವೀರಯ್ಯನೋರೆ, ಏನಿದು? ಗಂಟೆ ಹೊಡೆದಿಲ್ಲ ಇನ್ನೂ," ಅಂದರು ಸಾಹೇಬರು. "ಸ್ಪರ್ಧೆಗೆ ಕೊಟ್ಟದ್ದನ್ನ ಮಧ್ಯದಲ್ಲಿ ತೆಗೆಯೋ ಹಾಗಿಲ್ಲ. ಇನ್ನೊಂದು ಗಳಿಗೆ ಇದ್ರೆ ನಿಮ್ಮದೇ."

"ನಾನು ಕೊಟ್ಟದ್ದು ಮಗುವಿನ ಫೋಟೋ ಸಾಹೇಬರೆ. ಇದರಲ್ಲಿ ಮಗು ಎಲ್ಲಿದೆ? ಇದು ನನ್ನ ಹೆಂಡ್ತಿ ಫೋಟೋ. ಇದನ್ನ ನಾನು ಸ್ಪರ್ಧೆಗೆ ಕೊಟ್ಟಿಲ್ಲ."

ಸಾಹೇಬರು ಟವೆಲ್ಲನ್ನೂ ಅಮ್ಮನನ್ನೂ ಒಂದು ಸಲ ನೋಡಿ, ಗಂಟೆಯನ್ನು ಸದ್ದಾಗದ ಹಾಗೆ ಅಂಗೈಯಲ್ಲಿ ಹಿಡಿದು, "ಹೋಗಿ ಬನ್ನಿ" ಅಂದರು. ಅಮ್ಮನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. "ಸುಮ್ನೆ ಬನ್ರೀ, ಎಲ್ಲರೂ ನೋಡ್ತಿದಾರೆ" ಅಂತ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಿರಬಿರನೆ ಹೊರಟಳು. ಹಿಂದೆ ಅಪ್ಪ, ಕಂಕುಳಲ್ಲಲ್ಲ, ಎದೆಯ ಮೇಲೆ ಫೋಟೋ ಹಿಡಿದುಕೊಂಡು ಬಂದ. ಆ ವರ್ಷ ಬೇಕರಿಯವರು ಗೆದ್ದರು; ಊರಿಗೆಲ್ಲ ಬನ್ನು ಹಂಚಿದರು.

ಅಮ್ಮ ಅಪ್ಪನ ಜೊತೆ ಮಾತು ಬಿಟ್ಟಳು. ತಟ್ಟೆಗೆ ತುಪ್ಪ ಹಾಕುವುದನ್ನು ಮಾತ್ರ ಬಿಡಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಮಾತೂ ಶುರುವಾಯಿತು. ಆದರೆ ಒಂದು ಸಲವೂ ನೋಡಲಿಲ್ಲವಲ್ಲ ಅನ್ನುವ ಸಂಕಟ ಅವಳನ್ನು ಬಿಡಲೇ ಇಲ್ಲ. ಸಂತೆಯಲ್ಲಿ, ಗಿರಣಿಯಲ್ಲಿ, ಮದುವೆ ಮನೆಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿದ್ದಳು: "ನೀವು ನೋಡಿದ್ರಲ್ಲ, ನಮ್ಮ ಮಂಗಳಿ ಹೇಗಿದ್ಲು ಅದ್ರಲ್ಲಿ?" ಅವರು ಹೇಳುತ್ತಿದ್ದರು. ಒಬ್ಬರಿಗೆ ಕೆನ್ನೆ ನೆನಪಿತ್ತು, ಒಬ್ಬರಿಗೆ ಹಣೆಗೆ ಅಂಟಿದ್ದ ಕೂದಲು, ಇನ್ನೊಬ್ಬರಿಗೆ ಚಪ್ಪಲಿಯಿಂದ ಹೊರಗಿಣುಕಿದ್ದ ಕಿರುಬೆರಳು. ಅವಳು ನಿಂತು ಕೇಳಿ, ಮನೆಗೆ ಬಂದು ಅಪ್ಪನಿಗೆ ಹೇಳುತ್ತಿದ್ದಳು. ಹೀಗೆ ಚೂರುಚೂರಾಗಿ ಅವಳು ನನ್ನನ್ನು ಊರಿನಿಂದ ವಾಪಸ್ಸು ತಂದುಕೊಂಡಳು. ನನಗಂತೂ ಆಮೇಲೆ "ಬೆಲ್ಲದ ಕೆನ್ನೆ" ಅನ್ನುವುದೇ ಹೆಸರಾಯಿತು. ನನ್ನನ್ನು ನೋಡಲು ಬಂದ ಹುಡುಗನೂ, ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು, "ಸ್ಕೂಲಲ್ಲಿದ್ದಾಗ ನಾನೂ ನೋಡಿದ್ದೆ, ಮೂಗು ನಾನೇ ಮುಗಿಸಿದ್ದಿರಬೇಕು" ಅಂದ. ಅಮ್ಮ ಒಳಗಿನಿಂದಲೇ ಒಪ್ಪಿಗೆ ಕೊಟ್ಟುಬಿಟ್ಟಳು.

ಅಮ್ಮ ತನ್ನ ಜನ್ಮದಲ್ಲಿ ಫೋಟೋ ತೆಗೆಸಿಕೊಳ್ಳಲಿಲ್ಲ. ನನ್ನನ್ನು ಯಾರು ನೋಡ್ತಾರೆ ಅನ್ನುತ್ತಿದ್ದಳು. ಅವಳೂ ಹೋದಳು, ಅಪ್ಪನೂ ಹೋದ. ನೀಲಿ ಪರದೆಯ ಫೋಟೋ ನನ್ನ ಮನೆಗೆ ಬಂತು. ವರ್ಷಕ್ಕೊಮ್ಮೆ ಮಾತ್ರ ನೋಡುತ್ತೇನೆ, ಆದರೂ ಸವೆದಿದೆ. ಬಳೆಗಳು ಹೋದವು, ಸುಟ್ಟ ಗುರುತು ಹೋಯಿತು. ಈಗ ಬೆರಳುಗಳು ಮತ್ತು ಬೆಲ್ಲದ ತುಂಡು ಉಳಿದಿವೆ.

ಈ ಯುಗಾದಿಯಂದು ಮೊಮ್ಮಗಳು ಇಂಚರ ಮೊದಲ ಸಲ ನನ್ನ ಪಕ್ಕ ನಿಂತಳು. ಅವಳಿಗೂ ನಾಲ್ಕು ವರ್ಷ. ಬೇವು ಉಗುಳಿ ಬೆಲ್ಲ ಮಾತ್ರ ಕೆನ್ನೆಯಲ್ಲಿ ಇಟ್ಟುಕೊಂಡಿದ್ದಳು. ನಾನು ಪರದೆ ಸರಿಸಿದೆ.

"ಅಜ್ಜಿ, ಈ ಕೈ ಯಾರಿಗೆ ಬೆಲ್ಲ ಕೊಡ್ತಿದೆ?"

"ನನಗೆ ಕಣೆ."

ಅವಳು ಬಿಳಿ ಕಾಗದವನ್ನು ಮೇಲಿಂದ ಕೆಳಗೆ ಹುಡುಕಿದಳು. "ನೀನೆಲ್ಲಿದ್ದೀಯ ಇದರಲ್ಲಿ?"

"ಇಲ್ಲೇ ನಿಂತಿದ್ದೀನಲ್ಲ, ಎದುರಿಗೆ," ಅಂದೆ.

ಆ ಸಲ ಪರದೆ ಎಳೆಯುವುದು ನನಗೆ ಸ್ವಲ್ಪ ತಡವಾಯಿತು.